ಪದಬಂಧದ ಗೂಢ ಸುಳಿವು ಬಿಡಿಸುವ ಕ್ರಮ: ಅಕ್ಷರ ಎಣಿಕೆಯಿಂದ ಉತ್ತರದ ತಾಳೆಯವರೆಗೆ

ಹಾರದ ನಡುವೆ ಮಲ್ಲಿಗೆಯ ಮೊದಲು ಇಟ್ಟಿದ್ದಕ್ಕೇ ಯುದ್ಧ (3)

ಈ ಸುಳಿವು ಓದಿದ ಕೂಡಲೇ ಮದುವೆ ಮನೆಯ ಜಗಳವೊಂದು ಕಣ್ಣ ಮುಂದೆ ಬಂದರೆ ನೀವು ರಚನಕಾರರ ಬಲೆಗೆ ಬಿದ್ದಿರಿ. ನೇರ ಸುಳಿವುಗಳನ್ನೆಲ್ಲ ಹತ್ತು ನಿಮಿಷದಲ್ಲಿ ತುಂಬಿ, ಇಂಥ ಐದಾರು ಸುಳಿವುಗಳ ಮುಂದೆ ಪೆನ್ಸಿಲ್ ಕಚ್ಚುತ್ತಾ ಕೂರುವವರು ಬಹಳ. ಅವರಿಗೆ ಪದಸಂಪತ್ತಿನ ಕೊರತೆ ಇರುವುದಿಲ್ಲ. ಸುಳಿವನ್ನು ವಾಕ್ಯದಂತೆ ಓದುತ್ತಾರೆ, ಎಡವುವುದು ಅಲ್ಲೇ. ಕನ್ನಡದ ಗೂಢ ಸುಳಿವಿನಲ್ಲಿ ಕೀಲಿಕೈ ಇರುವುದು ಪ್ರತ್ಯಯಗಳಲ್ಲಿ: 'ಅಲ್ಲಿ', 'ಇಂದ', 'ಗೆ', 'ಇಲ್ಲದ', 'ಒಡನೆ'. ಅವು ಸುಳಿವಿನ ಕೀಲುಗಳು. ಕೀಲಿನಲ್ಲಿ ಕತ್ತರಿಸಿದರೆ ಸುಳಿವು ಬಿಡಿಬಿಡಿಯಾಗಿ ಕೈಗೆ ಬರುತ್ತದೆ. ಮೇಲಿನ ಸುಳಿವಿಗೆ ಮೂರನೇ ಹಂತದಲ್ಲಿ ವಾಪಸ್ ಬರೋಣ. ಅದಕ್ಕೆ ಮೊದಲು ಮಾಡಬೇಕಾದ ಕೆಲಸ ಎರಡಿದೆ, ಅವನ್ನು ಬಿಟ್ಟು ಮುಂದೆ ಹಾರಬೇಡಿ.

## ಬೇಕಾಗುವ ಸಾಮಾನು

ಪೆನ್ಸಿಲ್, ರಬ್ಬರ್, ಪಕ್ಕದಲ್ಲೊಂದು ಖಾಲಿ ಹಾಳೆ. ಪೆನ್ನು ಬೇಡ, ಪೆನ್ನಿನಲ್ಲಿ ಬರೆದ ತಪ್ಪು ಉತ್ತರವನ್ನು ಅಳಿಸಲಾಗದೆ ಅದನ್ನೇ ನಂಬಲು ಶುರುಮಾಡುತ್ತೀರಿ. ಖಾಲಿ ಹಾಳೆ ಅಕ್ಷರಗಳನ್ನು ಬಿಡಿಸಿ ಬರೆಯುವುದಕ್ಕೆ. ಮನಸ್ಸಿನಲ್ಲೇ ತಿರುಗಿಸಿ ನೋಡುತ್ತೇನೆ ಎನ್ನುವವರು ನಾಲ್ಕಕ್ಷರ ದಾಟಿದ ಕೂಡಲೇ ಸೋಲುತ್ತಾರೆ.

ನಿಘಂಟು ಎರಡು ಬಗೆಯದು ಬೇಕು. ಪದ ಇದೆಯೋ ಇಲ್ಲವೋ, ಕಾಗುಣಿತ ಸರಿಯೋ ಎಂದು ನೋಡಲು ಒಂದು ಕನ್ನಡ–ಕನ್ನಡ ನಿಘಂಟು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳದ್ದು ಹತ್ತಿರದ ಗ್ರಂಥಾಲಯದಲ್ಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ದಿನದ ಬಳಕೆಗೆ ಸಂಕ್ಷಿಪ್ತವಾದದ್ದೂ ಸಾಕು. ಇನ್ನೊಂದು, ಸಮಾನಪದಗಳಿಗೆ ಅಮರಕೋಶದ ಯಾವುದಾದರೂ ಕನ್ನಡ ಅರ್ಥಸಹಿತ ಮುದ್ರಣ. ಅದು ಅಕಾರಾದಿಯಾಗಿಲ್ಲ, ವಿಷಯವಾರು ವರ್ಗಗಳಲ್ಲಿದೆ. ನೀರಿನ ಹೆಸರುಗಳೆಲ್ಲ ಒಂದೇ ಕಡೆ ಸಿಗುವುದರಿಂದ ಪದಬಂಧಕ್ಕೆ ಹೇಳಿ ಮಾಡಿಸಿದಂತಿದೆ.

## ಹಂತ 1: ಮನೆಗಳನ್ನು ಸರಿಯಾಗಿ ಎಣಿಸಿ

ಆವರಣದಲ್ಲಿರುವ ಅಂಕಿ ಅಕ್ಷರಗಳ ಸಂಖ್ಯೆ. ಒಂದು ಅಕ್ಷರಕ್ಕೆ ಒಂದು ಮನೆ. ಒತ್ತು, ಗುಣಿತದ ಚಿಹ್ನೆ, ಅನುಸ್ವಾರ, ವಿಸರ್ಗ ಇವು ಯಾವುದಕ್ಕೂ ಬೇರೆ ಮನೆ ಇಲ್ಲ. 'ಸ್ತ್ರೀ' ಒಂದೇ ಮನೆ. 'ಸಂಪತ್ತು' ಮೂರು: ಸಂ, ಪ, ತ್ತು. ಕಂಪ್ಯೂಟರ್‌ನಲ್ಲಿ ಅಕ್ಷರ ಎಣಿಸುವ ಸೌಲಭ್ಯವನ್ನು ಇಲ್ಲಿ ನಂಬಬೇಡಿ. ಅದರ ಲೆಕ್ಕದಲ್ಲಿ 'ಸ್ತ್ರೀ' ಆರು ಸಂಕೇತಗಳು.

ಹೆಚ್ಚು ಜನ ಎಡವುವುದು ಅರ್ಕಾವತ್ತಿನಲ್ಲಿ. ಬರೆಯುವಾಗ ಅದು ಅಕ್ಷರದ ಬಲಕ್ಕೆ ಕೂರುತ್ತದೆ, ಆದರೆ ಮುಂದಿನ ಮನೆಗೆ ಹೋಗುವುದಿಲ್ಲ. 'ಧರ್ಮ' ಎರಡು ಮನೆ: ಧ, ರ್ಮ. 'ಕರ್ನಾಟಕ' ನಾಲ್ಕು: ಕ, ರ್ನಾ, ಟ, ಕ. ಪದದ ಕೊನೆಯ ಅರ್ಧಾಕ್ಷರಕ್ಕೆ ಮಾತ್ರ ಸ್ವಂತ ಮನೆ ಉಂಟು. 'ಬೀದರ್' ಮೂರು: ಬೀ, ದ, ರ್. 'ಇಂಜಿನಿಯರ್' ಐದು.

ಅಡ್ಡ ಪದ ಮತ್ತು ಉದ್ದ ಪದ ಸೇರುವ ಮನೆಯಲ್ಲಿ ಅಕ್ಷರ ಗುಣಿತ ಸಮೇತ ಒಂದೇ ಆಗಿರಬೇಕು. ಅಡ್ಡಕ್ಕೆ 'ದಿ', ಉದ್ದಕ್ಕೆ 'ದೀ' ಬಂದರೆ ಎರಡರಲ್ಲೊಂದು ತಪ್ಪು. 'ಕ' ಇದ್ದ ಕಡೆ 'ಕಂ' ಸಲ್ಲದು. ಅಲ್ಪಪ್ರಾಣ ಮಹಾಪ್ರಾಣಗಳೂ ಹಾಗೆಯೇ. 'ಕದನದಲ್ಲಿ ಸಿಕ್ಕ ರಾಸು (2)' ಎಂಬ ಸುಳಿವಿಗೆ 'ಧನ' ಎಂದು ಬರೆದವರ ಕೆಳಗಿನ ಪದಗಳೆಲ್ಲ ಕೆಡುತ್ತವೆ; ಕದನದ ಒಳಗಿರುವುದು 'ದನ'.

## ಹಂತ 2: ನೇರ ಸುಳಿವುಗಳಿಂದ ಬಾಗಿಲು ತೆರೆಯಿರಿ

ಎಲ್ಲ ಸುಳಿವುಗಳನ್ನೂ ಒಮ್ಮೆ ಓದಿ. ಒಂದೇ ಉತ್ತರ ಸಾಧ್ಯವಿರುವವನ್ನು ಮಾತ್ರ ತುಂಬಿ. 'ಒಂದೇ' ಎನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಏಕೆಂದರೆ ಕನ್ನಡದಲ್ಲಿ ಸಂಸ್ಕೃತದ ಸಮಾನಪದಗಳ ಸಾಲು ಬಲು ಉದ್ದ.

'ಕಮಲ (3)' ಎಂಬ ಸುಳಿವನ್ನೇ ನೋಡಿ. ತಾವರೆ, ಜಲಜ, ವಾರಿಜ, ಅಂಬುಜ, ನೀರಜ, ಸರೋಜ, ಪಂಕಜ, ನಳಿನ, ರಾಜೀವ. ಒಂಬತ್ತೂ ಮೂರಕ್ಷರದವು. ಮೊದಲು ಹೊಳೆದದ್ದನ್ನು ಬರೆದರೆ ಒಂಬತ್ತರಲ್ಲಿ ಎಂಟು ಪಾಲು ತಪ್ಪುವ ಸಂಭವ. ಇಂಥಲ್ಲಿ ಕಾಯಿರಿ. ಆದರೆ ಖಾಲಿ ಬಿಡಬೇಡಿ: ಒಂಬತ್ತರಲ್ಲಿ ಆರು 'ಜ'ದಲ್ಲಿ ಮುಗಿಯುತ್ತವೆ, ಕೊನೆಯ ಮನೆಯ ಮೂಲೆಯಲ್ಲಿ ಸಣ್ಣದಾಗಿ 'ಜ?' ಎಂದು ಗುರುತು ಹಾಕಿ.

ಈ ಸಾಲನ್ನು ಉರು ಹೊಡೆಯುವ ಅಗತ್ಯವೂ ಇಲ್ಲ, ಅದು ಹುಟ್ಟುವ ರೀತಿ ತಿಳಿದರೆ ಸಾಕು. ನೀರಿನ ಹೆಸರಿಗೆ 'ಜ' ಹತ್ತಿದರೆ ಹುಟ್ಟಿದ್ದು, ಅಂದರೆ ಕಮಲ. 'ದ' ಹತ್ತಿದರೆ ಕೊಡುವುದು, ಅಂದರೆ ಮೋಡ. 'ಧಿ' ಹತ್ತಿದರೆ ಇಟ್ಟುಕೊಂಡದ್ದು, ಅಂದರೆ ಸಮುದ್ರ. ಜಲಜ, ಜಲದ, ಜಲಧಿ. ವಾರಿಜ, ವಾರಿದ, ವಾರಿಧಿ. ಅಂಬುಜ, ಅಂಬುದ, ಅಂಬುಧಿ. ನೀರಿಗೆ ಮೂರು ಹೆಸರು ಗೊತ್ತಿದ್ದರೆ ಒಂಬತ್ತು ಉತ್ತರ ಕೈಯಲ್ಲಿದ್ದಂತೆ.

ಪುರಾಣದ ಸುಳಿವುಗಳಲ್ಲಿ ಎಣಿಕೆಯೇ ಅರ್ಧ ಕೆಲಸ ಮಾಡುತ್ತದೆ. 'ಪಾಂಡವರಲ್ಲೊಬ್ಬ' ಎಂದು ಎರಡು ಮನೆ ಕೊಟ್ಟಿದ್ದರೆ ಭೀಮ ಅಥವಾ ಪಾರ್ಥ. ನಾಲ್ಕು ಮನೆಯಾದರೆ ಧರ್ಮರಾಯ, ಯುಧಿಷ್ಠಿರ, ಸಹದೇವ. ಮೂರಾದರೆ ಅರ್ಜುನ, ನಕುಲ, ಧರ್ಮಜ. ಈ ಮೂವರಲ್ಲಿ ಯಾರು ಎಂದು ಒಂದಕ್ಷರವೂ ತುಂಬದೆ ಹೇಳುವ ಉಪಾಯ ಹಂತ 5ರಲ್ಲಿದೆ.

## ಹಂತ 3: ಸುಳಿವನ್ನು ಪ್ರತ್ಯಯದಲ್ಲಿ ಕತ್ತರಿಸಿ

ಗೂಢ ಸುಳಿವಿನಲ್ಲಿ ಮೂರು ಭಾಗ ಇರುತ್ತದೆ: ಉತ್ತರದ ಅರ್ಥ, ಕಚ್ಚಾ ಸಾಮಗ್ರಿ, ಆ ಸಾಮಗ್ರಿಯನ್ನು ಏನು ಮಾಡಬೇಕೆಂಬ ಆದೇಶ. ಅರ್ಥವು ಸುಳಿವಿನ ಒಂದು ತುದಿಯಲ್ಲಿರುತ್ತದೆ, ನಮ್ಮಲ್ಲಿ ಹೆಚ್ಚಾಗಿ ಕೊನೆಯ ತುದಿಯಲ್ಲಿ. ನಡುವೆ ಬರುವುದು ಅಪರೂಪ.

ಈಗ ಮೊದಲ ಸುಳಿವಿಗೆ ಬನ್ನಿ. ಖಾಲಿ ಹಾಳೆಯ ಮೇಲೆ ಹೀಗೆ ಕತ್ತರಿಸಿ ಬರೆಯಿರಿ:

ಹಾರದ ನಡುವೆ / ಮಲ್ಲಿಗೆಯ ಮೊದಲು / ಇಟ್ಟಿದ್ದಕ್ಕೇ / ಯುದ್ಧ

ಕೊನೆಯ ತುದಿ 'ಯುದ್ಧ', ಮೂರಕ್ಷರದ ಪದ ಬೇಕು. 'ಮಲ್ಲಿಗೆಯ ಮೊದಲು' ಅಂದರೆ ಆ ಪದದ ಮೊದಲಕ್ಷರ, 'ಮ'. 'ಹಾರದ ನಡುವೆ' ಅಂದರೆ ಹಾರದ ಒಳಗೆ ಅದನ್ನು ಇಡಬೇಕು. 'ಹಾರ' ಪದದ ನಡುವೆ ಇಟ್ಟರೆ 'ಹಾಮರ', ಅರ್ಥವಿಲ್ಲ. ಹಾಗಾದರೆ ಹಾರಕ್ಕೆ ಇನ್ನೊಂದು ಹೆಸರು: ಸರ. ಸ, ಮ, ರ. ಉತ್ತರ 'ಸಮರ'. ಹೂವೂ ಇಲ್ಲ, ಜಗಳವೂ ಇಲ್ಲ.

ಪ್ರತ್ಯಯಗಳು ಕೊಡುವ ಆದೇಶಗಳು ಹೆಚ್ಚುಕಡಿಮೆ ಹೀಗಿರುತ್ತವೆ:

- ಅಲ್ಲಿ, ಒಳಗೆ, ನಡುವೆ, ಹೊಟ್ಟೆ, ಒಡಲು, ಗರ್ಭ: ಒಳಗೆ ಹುಡುಕಿ, ಇಲ್ಲವೇ ಒಳಗೆ ಇಡಿ.
- ಗೆ, ಒಡನೆ, ಜೊತೆ, ಸೇರಿ, ಕೂಡಿ: ಪಕ್ಕಕ್ಕೆ ಜೋಡಿಸಿ.
- ಇಂದ, ಇಲ್ಲದ, ಬಿಟ್ಟ, ಕಳೆದ, ಹೋದ: ತೆಗೆಯಿರಿ.
- ಷಷ್ಠಿಯ ಮುಂದೆ ಮೊದಲು, ತಲೆ, ಆದಿ, ಬಾಲ, ಕೊನೆ, ಅಂಚು: ಒಂದಕ್ಷರ ಆರಿಸಿಕೊಳ್ಳಿ.
- ತಿರುಗಿ, ಹಿಂದೆ, ತಲೆಕೆಳಗಾದ, ಮರಳಿದ: ಹಿಂದುಮುಂದು ಮಾಡಿ.
- ಚೆದುರಿ, ಚೆಲ್ಲಾಪಿಲ್ಲಿ, ಅಸ್ತವ್ಯಸ್ತ, ಕಂಗಾಲು, ಕುಣಿದು: ಅಕ್ಷರಗಳನ್ನು ಕಲಸಿ ಹೊಸದಾಗಿ ಜೋಡಿಸಿ.

ಕತ್ತರಿಸುವಾಗ ಆಗಮವನ್ನೂ ತೆಗೆದುಹಾಕಿ ಮೂಲಪದಕ್ಕೆ ಮರಳಬೇಕು. 'ಮರದಲ್ಲಿ' ಎಂಬುದರ ಮೂಲ 'ಮರ', 'ದ'ಕಾರ ಪ್ರತ್ಯಯದ ಜೊತೆ ಹೋಗುತ್ತದೆ. 'ಕಾಲಿನ' ಎಂದಿದ್ದರೆ 'ಕಾಲು', 'ಗುರುವಿನ' ಎಂದಿದ್ದರೆ 'ಗುರು'. ಈ 'ದ', 'ವ', 'ಯ', 'ಇನ'ಗಳನ್ನು ಎಣಿಕೆಗೆ ಸೇರಿಸಿಕೊಂಡು ಒದ್ದಾಡುವವರಿದ್ದಾರೆ.

## ಹಂತ 4: ತಂತ್ರದ ಬಗೆ ಗುರುತಿಸಿ

### ಜೋಡಣೆ, ಮತ್ತು ಸಂಧಿಯ ಲೆಕ್ಕ

ಸರಳವಾದದ್ದು ಎರಡು ಪದ ಪಕ್ಕಪಕ್ಕ ಇಡುವುದು. 'ಶುದ್ಧವಾದ ಓಣಿ ಕೊಡಗಿನಲ್ಲಿದೆ (4)': ಮಡಿ, ಕೇರಿ, ಮಡಿಕೇರಿ. 'ದೇಹಕ್ಕೆ ಚಾವಣಿ ಸೇರಿದರೆ ಅರಮನೆಯ ನಗರ (3)': ಮೈ, ಸೂರು, ಮೈಸೂರು. 'ರಾಜನ ತುಂಡು ಕೃಷ್ಣಾ ತುಂಗಭದ್ರೆಯರ ನಡುವೆ (4)': ರಾಯ, ಚೂರು, ರಾಯಚೂರು. ಕೊನೆಯದರಲ್ಲಿ 'ನಡುವೆ' ಎಂಬ ಮಾತು ಆದೇಶವಲ್ಲ, ಅರ್ಥದ ಭಾಗ. ಆದೇಶದಂತೆ ಕಾಣುವ ಪದ ಅರ್ಥದೊಳಗೆ ಸೇರಿಕೊಂಡಿರಬಹುದು ಎಂಬ ಅನುಮಾನ ಸದಾ ಇರಲಿ.

ಕಷ್ಟ ಬರುವುದು ಸಂಧಿಯಾದಾಗ. 'ಸರ್ಪ ಹತ್ತಿ ಕುಳಿತ ಜಿಲ್ಲೆ (3)'. ಹಾವು ಎರಡಕ್ಷರ, ಏರಿ ಎರಡಕ್ಷರ, ಒಟ್ಟು ನಾಲ್ಕು. ಸುಳಿವು ಕೇಳುವುದು ಮೂರು. ಇಲ್ಲಿಗೆ ಬಂದು 'ಸರಿಹೋಗಲಿಲ್ಲ' ಎಂದು ಕೈಬಿಡುತ್ತಾರೆ. ಹಾವು + ಏರಿ ಲೋಪಸಂಧಿಯಾಗಿ 'ಹಾವೇರಿ', ಮೂರೇ ಅಕ್ಷರ.

ಇದಕ್ಕೊಂದು ಲೆಕ್ಕ ಇಟ್ಟುಕೊಳ್ಳಿ. ಎರಡನೇ ಪದ ಸ್ವರದಿಂದ ಶುರುವಾಗಿದ್ದರೆ ಸಾಮಾನ್ಯವಾಗಿ ಒಂದು ಮನೆ ಕಡಿಮೆಯಾಗುತ್ತದೆ. ಲೋಪ, ಸವರ್ಣದೀರ್ಘ, ಗುಣ, ಯಣ್ ಎಲ್ಲದರಲ್ಲೂ ಹೀಗೆಯೇ. ದೇವ + ಆಲಯ: ಐದು ಹೋಗಿ ನಾಲ್ಕು. ಸುರ + ಇಂದ್ರ: ನಾಲ್ಕು ಹೋಗಿ ಮೂರು. ಅತಿ + ಅಂತ: ನಾಲ್ಕು ಹೋಗಿ ಮೂರು. ಆಗಮಸಂಧಿಯಲ್ಲಿ ಮಾತ್ರ ಯಕಾರವೋ ವಕಾರವೋ ಬಂದು ನಷ್ಟ ತುಂಬಿಕೊಡುತ್ತದೆ. ಆದೇಶಸಂಧಿಯಲ್ಲಿ ಎಣಿಕೆ ಬದಲಾಗುವುದಿಲ್ಲ, ಅಕ್ಷರ ಬದಲಾಗುತ್ತದೆ: ಮಳೆ + ಕಾಲ ಸೇರಿ 'ಮಳೆಗಾಲ'. ಅಡ್ಡಪದದಿಂದ ಮೂರನೇ ಮನೆಗೆ 'ಗಾ' ಬಂದಿದೆಯೆಂದು 'ಕಾಲ'ವನ್ನು ತಳ್ಳಿಹಾಕಬೇಡಿ.

### ಒಳಗಿಡುವುದು ಮತ್ತು ತೆಗೆಯುವುದು

ಇವೆರಡೂ ಒಂದೇ ನಾಣ್ಯದ ಎರಡು ಮುಖ. ನಮ್ಮ ಒಗಟುಗಳಲ್ಲಿ 'ಮೊದಲಕ್ಷರ ತೆಗೆದರೆ ಇಂಥದ್ದು, ಕೊನೆಯಕ್ಷರ ತೆಗೆದರೆ ಅಂಥದ್ದು' ಎಂದು ಕೇಳುವ ಪದ್ಧತಿ ಇದೆಯಲ್ಲ, ಅದೇ ಇದು. 'ಸಮರ'ವನ್ನೇ ಮೇಜಿನ ಮೇಲಿಟ್ಟು ನೋಡಿ. ತಲೆ ತೆಗೆದರೆ ಮರ. ನಡು ತೆಗೆದರೆ ಸರ. ಕೊನೆ ತೆಗೆದರೆ ಸಮ. ಒಂದು ಪದದ ಹೊಟ್ಟೆಯಲ್ಲಿ ಮೂರು ಪದ. ಹೀಗಿರುವುದರಿಂದಲೇ ಇಂಥ ಪದಗಳು ರಚನಕಾರರಿಗೆ ಇಷ್ಟ, ಮತ್ತೆ ಮತ್ತೆ ಬರುತ್ತವೆ. ಕಂಡಾಗಲೆಲ್ಲ ಬರೆದಿಟ್ಟುಕೊಳ್ಳಿ.

'ಯುದ್ಧದಲ್ಲಿ ತಲೆ ಹೋದರೂ ನಿಂತಿದ್ದು ವೃಕ್ಷ (2)': ಸಮರದಿಂದ 'ಸ' ಹೋಗಿ ಮರ. ಇಲ್ಲಿ ಎರಡು ಮೆಟ್ಟಿಲಿವೆ: ಮೊದಲು ಯುದ್ಧವನ್ನು ಸಮರವಾಗಿಸಬೇಕು, ಆಮೇಲೆ ತಲೆ ತೆಗೆಯಬೇಕು. 'ಯುದ್ಧ' ಪದದ ತಲೆಯನ್ನೇ ತೆಗೆದು 'ದ್ಧ' ಇಟ್ಟುಕೊಂಡು ಕೂತರೆ ದಾರಿಯಿಲ್ಲ.

'ಮನುಷ್ಯನೊಳಗೆ ಗಡಿಯಾರ ಶುರುವಾದರೆ ಪಟ್ಟಣ (3)': ನರ, ಅದರೊಳಗೆ ಗಡಿಯಾರದ ಶುರು 'ಗ', ನಗರ.

'ಕಾಲು' ಎಂದು ಬಂದರೆ ಎರಡು ಸಲ ಯೋಚಿಸಿ. ಅಂಗದ ಹೆಸರಾಗಿ ಅದು ಕೊನೆಯ ಅಕ್ಷರ, ಭಾಗದ ಹೆಸರಾಗಿ ನಾಲ್ಕರಲ್ಲೊಂದು. 'ಅರ್ಧ' ಕೂಡ ಹಾಗೆ: ಅರ್ಧ ಮಡಿಕೇರಿ ಎಂದರೆ 'ಮಡಿ'ಯೂ ಆಗಬಹುದು, 'ಕೇರಿ'ಯೂ ಆಗಬಹುದು.

### ತಿರುಗುಮುರುಗು

'ಹೊಳೆ ಹಿಂದಕ್ಕೆ ಹರಿಯಲು ಇಪ್ಪತ್ತನಾಲ್ಕು ಗಂಟೆ (2)': ನದಿ ತಿರುಗಿ ದಿನ. ತಿರುಗಿಸುವುದು ಅಕ್ಷರ ಅಕ್ಷರವಾಗಿ. ಗುಣಿತ ತನ್ನ ವ್ಯಂಜನವನ್ನು ಬಿಟ್ಟು ಹೋಗುವುದಿಲ್ಲ. ಗಜ–ಜಗ, ಸದಾ–ದಾಸ, ಯಮ–ಮಯ, ರಾಧಾ–ಧಾರಾ ಇವೆಲ್ಲ ಪದೇ ಪದೇ ಸಿಗುವ ಜೋಡಿಗಳು.

ದೀರ್ಘಹ್ರಸ್ವದ ಬಿಗಿ ಎಷ್ಟೆಂದು ಹಳೆಯ ಸುಭಾಷಿತವೊಂದು ಚೆನ್ನಾಗಿ ತೋರಿಸುತ್ತದೆ. 'ಸಾಕ್ಷರಾ' ತಿರುಗಿದರೆ 'ರಾಕ್ಷಸಾ', 'ಸರಸ' ತಿರುಗಿದರೂ 'ಸರಸ' ಎಂದು ಅದರ ಚಮತ್ಕಾರ. ನಾವು ಕನ್ನಡದಲ್ಲಿ ಬರೆಯುವಂತೆ 'ಸಾಕ್ಷರ' ಎಂದು ಹ್ರಸ್ವ ಮಾಡಿ ತಿರುಗಿಸಿ ನೋಡಿ: 'ರಕ್ಷಸಾ'. ಚಮತ್ಕಾರ ಅಲ್ಲಿಗೇ ಮುರಿಯಿತು. ಹಾಗೆಯೇ 'ಜನಕ' ತಿರುಗಿದರೆ 'ಕನಜ' ಆಗುತ್ತದೆ, ಧಾನ್ಯ ತುಂಬುವ 'ಕಣಜ' ಆಗುವುದಿಲ್ಲ. 'ನ', 'ಣ' ಬೇರೆ ಬೇರೆ ಮನೆಯವು.

ಯಾವುದು ಸಾಮಗ್ರಿ, ಯಾವುದು ಅರ್ಥ ಎಂಬ ಗೊಂದಲವೂ ಇಲ್ಲೇ ಹೆಚ್ಚು. 'ಮಂಗ ತಿರುಗಿ ನೋಡಿದಾಗ ಹಾಡಿದ್ದು ಕೋಗಿಲೆ (2)' ಎಂದಾಗ 'ತಿರುಗಿ' ಮಂಗಕ್ಕೆ ಅಂಟಿಕೊಂಡಿದೆ, ಕೋಗಿಲೆ ಕೊನೆಯ ತುದಿಯಲ್ಲಿದೆ. ಕಪಿ ತಿರುಗಿ 'ಪಿಕ'. 'ಕೋಗಿಲೆ ತಿರುಗಿ ಮಂಗ' ಎಂದಷ್ಟೇ ಇದ್ದರೆ ಅನುಮಾನಕ್ಕೆ ಎಡೆಯಿದೆ. ಅಡ್ಡಪದ ಬರುವವರೆಗೆ ಬರೆಯಬೇಡಿ.

ಹಿಂದೆ ಮುಂದೆ ಒಂದೇ ಆಗುವವೂ ಇವೆ. 'ಹೇಗೆ ಓದಿದರೂ ವೀರನಾರಾಯಣನ ಊರು (3)': ಗದಗ. ಕನಕ, ನಯನ, ನವೀನ, ಜಲಜ, ಐದಕ್ಷರದ ವಿಕಟಕವಿ ಇದೇ ಗುಂಪಿನವ.

### ಚೆಲ್ಲಾಪಿಲ್ಲಿ

'ರಮಣ ಕಂಗಾಲಾದರೆ ಸಾವೇ ಗತಿ (3)'. ಮೂರಕ್ಷರವನ್ನು ಆರು ರೀತಿ ಜೋಡಿಸಬಹುದು. ಆದರೆ ಕನ್ನಡ ಪದ 'ಣ'ದಿಂದ ಶುರುವಾಗುವುದಿಲ್ಲ, ಎರಡು ಹೋಯಿತು. ಕೊಟ್ಟ ಪದವೇ ಉತ್ತರವಾಗದು, ಇನ್ನೊಂದು ಹೋಯಿತು. ಉಳಿದದ್ದು ರಣಮ, ಮಣರ, ಮರಣ. ಉತ್ತರ ಕಣ್ಣೆದುರೇ ಇದೆ.

ಸಾಮಗ್ರಿಯಲ್ಲಿ ಅ, ಆ, ಇ, ಎ ಹೀಗೆ ಸ್ವರಾಕ್ಷರ ಇದ್ದರೆ ಅದೃಷ್ಟ ಎಂದೇ ತಿಳಿಯಿರಿ. ಸ್ವರ ಪದದ ಮೊದಲ ಮನೆಯಲ್ಲಿ ಮಾತ್ರ ಬಿಡಿಯಾಗಿ ನಿಲ್ಲುವುದು ಸಾಮಾನ್ಯ ನಿಯಮ. ನಾಲ್ಕಕ್ಷರದ ಇಪ್ಪತ್ತನಾಲ್ಕು ಜೋಡಣೆಗಳು ಒಂದೇ ಏಟಿಗೆ ಆರಕ್ಕೆ ಇಳಿಯುತ್ತವೆ. ಇದೇ ಕಾರಣಕ್ಕೆ ಸ್ವರದಿಂದ ಶುರುವಾಗುವ ಪದವನ್ನಾಗಲಿ, 'ಹಳ್ಳ', 'ಬೆಟ್ಟ'ದಂತೆ ಸಜಾತಿ ಒತ್ತಿನಲ್ಲಿ ಮುಗಿಯುವ ಪದವನ್ನಾಗಲಿ ತಿರುಗಿಸಲು ಹೋಗಬೇಡಿ. ತಿರುಗಿಸಿದರೆ ಪದವೇ ಆಗುವುದಿಲ್ಲ.

### ಅಡಗಿಸಿಟ್ಟದ್ದು

'ಲೇಖಕ ನಕಲಿ, ಒಳಗೆ ಬಚ್ಚಿಟ್ಟದ್ದು ಚಿನ್ನ (3)'. ಪದಗಳ ನಡುವಿನ ಜಾಗ ಅಳಿಸಿ ಬರೆಯಿರಿ: ಲೇಖಕನಕಲಿ. ಈಗ 'ಕನಕ' ಕಾಣುತ್ತದೆ. ಉತ್ತರ ಅಕ್ಷರಶಃ ಕಣ್ಣಮುಂದೆ ಇದ್ದೂ ಕಾಣದಿರಲು ಆ ಖಾಲಿ ಜಾಗವೇ ಕಾರಣ. ಒಂದೇ ಪದದೊಳಗೂ ಅಡಗಿರಬಹುದು: 'ಅವಸರದಲ್ಲಿ ಕೊರಳಿಗೆ ಹಾಕಿಕೊಂಡದ್ದು (2)' ಎಂದರೆ ಸರ.

### ಎರಡರ್ಥ

ಇಲ್ಲಿ ಆದೇಶವೇ ಇರುವುದಿಲ್ಲ. ಸುಳಿವು ಚಿಕ್ಕದಾಗಿ, ಎರಡು ಮಾತು ಸಂಬಂಧವಿಲ್ಲದೆ ಪಕ್ಕಪಕ್ಕ ನಿಂತಿದ್ದರೆ ಶ್ಲೇಷ ಎಂದುಕೊಳ್ಳಿ. 'ಎರಡು ಐದು ಸೇರಿದರೆ ಏರು (2)': ಹತ್ತು. 'ನಿದ್ದೆ ಬಿಡಲು ವಾರದ ದಿನಗಳಷ್ಟು (2)': ಏಳು. 'ಹಿಂದಿರುಗು, ಹೊಳೆದಂಡೆಯಲ್ಲಿ ಸಿಗುತ್ತದೆ (3)': ಮರಳು. 'ಮಳೆಯಲ್ಲಿ ಕೇಳಿದರೂ ನೀಡಲಾರೆ (2)': ಕೊಡೆ. ಕನ್ನಡದ ಕ್ರಿಯಾಪದಗಳು ನಾಮಪದದ ವೇಷ ಹಾಕುವುದರಲ್ಲಿ ಬಹಳ ಚುರುಕು, ಹಾಗಾಗಿ ಅರಸು, ದೊರೆ, ಕರಿ, ಆರು ಇಂಥ ಪದಗಳನ್ನು ಎರಡೂ ಕಡೆಯಿಂದ ನೋಡುವ ಅಭ್ಯಾಸ ಮಾಡಿ. ಈ ಬಗೆಯದು ನನಗೆ ಎಲ್ಲಕ್ಕಿಂತ ಚೆಂದ ಕಾಣುತ್ತದೆ.

## ಹಂತ 5: ಪದದ ಮೊದಲಿಗೆ ಬಾರದ ಅಕ್ಷರಗಳಿಂದ ಜರಡಿ ಹಿಡಿಯಿರಿ

ಅಂಕಿ ಬರೆದ ಮನೆಯಿಂದ ಒಂದು ಪದ ಶುರುವಾಗುತ್ತದೆ. ಆ ಮನೆಯಲ್ಲಿ ಪದದ ಮೊದಲಿಗೆ ಬರಲಾರದ ಅಕ್ಷರ ಕೂರಲಾರದು. ಅರ್ಕಾವತ್ತಿನ ಅಕ್ಷರ, ಸಜಾತಿ ಒತ್ತಿನ ಕ್ಕ, ತ್ತ, ಲ್ಲ, ಮತ್ತು ಣ, ಳ ಇವು ಅಲ್ಲಿಗೆ ಹೊರಗಿನವು. ಪ್ರ, ಕ್ಷ, ಜ್ಞ, ಸ್ತ ಬರಬಹುದು.

ಮೂರಕ್ಷರದ ಪಾಂಡವನನ್ನು ಈಗ ಹಿಡಿಯೋಣ. ಆ ಅಡ್ಡಪದದ ಎರಡನೇ ಮನೆಯಲ್ಲಿ ಅಂಕಿ ಇದ್ದು, ಅಲ್ಲಿಂದ ಕೆಳಕ್ಕೊಂದು ಪದ ಇಳಿದಿದೆ ಎನ್ನಿ. ಅರ್ಜುನನ ಎರಡನೇ ಅಕ್ಷರ 'ರ್ಜು', ಧರ್ಮಜನದು 'ರ್ಮ'. ಎರಡರಿಂದಲೂ ಪದ ಶುರುವಾಗದು. ನಕುಲನೇ ಇರಬೇಕು.

ಅರ್ಧಾಕ್ಷರಕ್ಕೆ ಇದರ ತಲೆಕೆಳಗಿನ ನಿಯಮ. 'ಬೀದರ್' ಪದದ 'ರ್' ಕೂತ ಮನೆ ಅಡ್ಡಕ್ಕೂ ಉದ್ದಕ್ಕೂ ಕೊನೆಯ ಮನೆಯೇ ಆಗಿರಬೇಕು. ಹಾಗಿಲ್ಲದಿದ್ದರೆ ಉತ್ತರ ತಪ್ಪು, ಅಥವಾ ರಚನಕಾರರು 'ಬೀದರ' ಎಂಬ ರೂಪ ಹಿಡಿದಿದ್ದಾರೆ.

## ಹಂತ 6: ಬರೆಯುವ ಮುನ್ನ ತಾಳೆ ನೋಡಿ

ಉತ್ತರ ಸಿಕ್ಕ ಮೇಲೆ ಸುಳಿವಿನ ಪ್ರತಿಯೊಂದು ಪದಕ್ಕೂ 'ನಿನ್ನ ಕೆಲಸವೇನು' ಎಂದು ಕೇಳಿ. ಕೆಲಸವಿಲ್ಲದ ಪದ ಉಳಿದರೆ ಉತ್ತರ ಸಂಶಯಾಸ್ಪದ. ಎಲ್ಲ ರಚನಕಾರರೂ ಇಷ್ಟು ಬಿಗಿ ಇರುವುದಿಲ್ಲ, ಓಟ ಚೆನ್ನಾಗಿರಲೆಂದು ಒಂದೆರಡು ಪದ ಹೆಚ್ಚಿಗೆ ಹಾಕುವವರೂ ಇದ್ದಾರೆ. ಆದರೂ ಉಳಿದ ಪದ 'ಇಲ್ಲದ', 'ತಿರುಗಿ'ಯಂಥ ಆದೇಶವಾಗಿದ್ದರೆ ನಿಮ್ಮ ಉತ್ತರ ಖಂಡಿತ ತಪ್ಪು.

ವ್ಯಾಕರಣದ ರೂಪವೂ ಹೊಂದಬೇಕು. 'ಏರು' ಎಂದಿದ್ದರೆ 'ಹತ್ತು', 'ಏರಿ' ಎಂದಿದ್ದರೆ 'ಹತ್ತಿ'. ಬಹುವಚನಕ್ಕೆ ಬಹುವಚನ. ಸೀತಾ–ಸೀತೆ, ಗಂಗಾ–ಗಂಗೆ, ಕೃಷ್ಣಾ–ಕೃಷ್ಣೆ ಇವುಗಳಲ್ಲಿ ಯಾವ ರೂಪ ಎಂಬುದನ್ನು ಕೊನೆಯ ಮನೆ ದಾಟುವ ಪದವೇ ಹೇಳಬೇಕು.

## ಒಂದು ಪುಟ್ಟ ಬಂಧ, ಮೊದಲಿನಿಂದ ಕೊನೆವರೆಗೆ

ಮೂರು ಸಾಲು, ಮೂರು ಕಂಬ, ನಡುವಿನ ಮನೆ ಕಪ್ಪು. ಮೇಲಿನ ಎಡ ಮೂಲೆ 1, ಮೇಲಿನ ಬಲ ಮೂಲೆ 2, ಕೆಳಗಿನ ಎಡ ಮೂಲೆ 3.

ಎಡದಿಂದ ಬಲಕ್ಕೆ
1. ಹಾರದ ನಡುವೆ ಮಲ್ಲಿಗೆಯ ಮೊದಲು ಇಟ್ಟಿದ್ದಕ್ಕೇ ಯುದ್ಧ (3)
3. ಎಳ್ಳಿನ ಜೊತೆ ಕನ್ನಡದ ಮೊದಲಕ್ಷರ ಹಣೆಗೇರಿತು (3)

ಮೇಲಿನಿಂದ ಕೆಳಕ್ಕೆ
1. ವಸತಿ ಅಸ್ತವ್ಯಸ್ತವಾಗಲು ಗಂಡನ ಇನ್ನೊಬ್ಬ ಹೆಂಡತಿ ಕಾರಣ (3)
2. ಕಾವ್ಯ, ಸಂಗೀತಗಳನ್ನು ಸವಿಯಬಲ್ಲವ (3)

ನೇರ ಸುಳಿವು ಒಂದೇ: ಕೆಳಕ್ಕೆ 2. 'ಸಹೃದಯ' ಹೊಳೆಯುತ್ತದೆ, ಅದು ನಾಲ್ಕಕ್ಷರ. 'ಭಾವುಕ', 'ರಸಿಕ', 'ರಸಜ್ಞ' ಮೂರರಲ್ಲಿ ಹೊಂದುತ್ತವೆ. ಮೂರು ಸಾಧ್ಯತೆ ಇರುವುದರಿಂದ ಈಗಲೇ ಬರೆಯಬೇಡಿ.

ಅಡ್ಡ 1 ಬಿಡಿಸಿದ್ದಾಗಿದೆ, ಸಮರ. ಬಲ ಮೂಲೆಗೆ 'ರ' ಬಂತು, ಭಾವುಕ ಹೋಯಿತು. ಇನ್ನೂ ಎರಡು ಉಳಿದಿವೆ: ರಸಿಕ, ರಸಜ್ಞ.

ಕೆಳಕ್ಕೆ 1 'ಸ'ದಿಂದ ಶುರು. 'ಅಸ್ತವ್ಯಸ್ತ' ಎಂಬ ಆದೇಶ 'ವಸತಿ'ಗೆ ಅಂಟಿದೆ. 'ಸ' ಮುಂದಿದ್ದರೆ ಎರಡೇ ಜೋಡಣೆ: ಸವತಿ, ಸತಿವ. 'ಹೆಂಡತಿ' ಎಂದು ಕಂಡು 'ಸತಿ' ಎಂದು ಶುರುಮಾಡುವವರು ಇಲ್ಲಿ ಜಾರುತ್ತಾರೆ, ಎರಡನೇ ಮನೆಗೆ 'ತಿ' ಹಾಕಿಬಿಡುತ್ತಾರೆ. ಅರ್ಥ 'ಗಂಡನ ಇನ್ನೊಬ್ಬ ಹೆಂಡತಿ', ಪೂರ್ತಿ ಓದಿ: ಸವತಿ.

ಅಡ್ಡ 3 ಈಗ 'ತಿ'ಯಿಂದ ಶುರು. 'ಜೊತೆ' ಎಂದರೆ ಜೋಡಣೆ. ಎಳ್ಳು ಎಂದರೆ ತಿಲ, ಕನ್ನಡದ ಮೊದಲಕ್ಷರ 'ಕ'. ತಿಲಕ, ಹಣೆಯ ಮೇಲಿನದು. ಕನ್ನಡ ವರ್ಣಮಾಲೆಯ ಮೊದಲಕ್ಷರ ಎಂದುಕೊಂಡು 'ಅ' ಹಾಕಲು ಹೋಗಬೇಡಿ, ಸ್ವರ ಕೊನೆಯ ಮನೆಯಲ್ಲಿ ನಿಲ್ಲದು. ಬಲ ಕೆಳಮೂಲೆ 'ಕ' ಆದ್ದರಿಂದ ರಸಜ್ಞ ಬಿದ್ದುಹೋಯಿತು, ರಸಿಕ ಉಳಿಯಿತು.

ಸ ಮ ರ
ವ ■ ಸಿ
ತಿ ಲ ಕ

ಎಲ್ಲಕ್ಕಿಂತ ಸುಲಭವೆಂದು ಕಂಡ ಸುಳಿವು ಕೊನೆಗೆ ತುಂಬಿತು, ಗಮನಿಸಿದಿರಾ?

## ದಾರಿ ತಪ್ಪಿದ್ದರ ಲಕ್ಷಣಗಳು

ಒಂದು ಮೂಲೆ ಪೂರ್ತಿ ತುಂಬಿದೆ, ಪಕ್ಕದ ಮೂಲೆಯಲ್ಲಿ ಒಂದೂ ಪದ ಬರುತ್ತಿಲ್ಲ ಎಂದರೆ ಎರಡನ್ನೂ ಜೋಡಿಸುವ ಪದ ತಪ್ಪಾಗಿರುವ ಸಂಭವವೇ ಹೆಚ್ಚು. ಅದನ್ನು ಅಳಿಸಿ, ಬೇರೆಯವನ್ನು ಮುಟ್ಟಬೇಡಿ.

ಯಾವುದೋ ಮನೆಯಲ್ಲಿ ಙ, ಞ, ಋ, ಅಥವಾ ಪದದ ನಡುವೆ ಬಿಡಿ ಸ್ವರ ಬರಬೇಕಾಗಿ ಬಂದರೆ ಅಲ್ಲೇ ನಿಲ್ಲಿಸಿ. ನಿಮ್ಮ ಉತ್ತರಕ್ಕೆ ನಿಘಂಟಿನ ಮೂರನೆಯದೋ ನಾಲ್ಕನೆಯದೋ ಅರ್ಥದಲ್ಲಿ ಮಾತ್ರ ಆಧಾರ ಸಿಗುತ್ತಿದ್ದರೂ ಅಷ್ಟೇ. ದಿನಪತ್ರಿಕೆಯ ರಚನಕಾರರು ಅಷ್ಟು ಆಳಕ್ಕೆ ಇಳಿಯುವುದು ಕಡಿಮೆ.

ಮತ್ತೊಂದು ಲಕ್ಷಣ, ಉತ್ತರ ಮೊದಲು ಹೊಳೆದು ಆಮೇಲೆ ಸುಳಿವನ್ನು ಅದಕ್ಕೆ ಎಳೆದು ತಂದು ಹೊಂದಿಸುತ್ತಿರುವುದು. 'ಹೀಗೂ ಹೇಳಬಹುದಲ್ಲ' ಎಂಬ ಮಾತು ಮನಸ್ಸಿಗೆ ಬಂದರೆ ಆ ಪದವನ್ನು ಮೂಲೆಯಲ್ಲಿ ಸಣ್ಣದಾಗಿ ಬರೆದು ಮುಂದಿನ ಸುಳಿವಿಗೆ ಹೋಗಿ. ಸರಿಯಾದ ಉತ್ತರಕ್ಕೆ ಸುಳಿವಿನ ಎಲ್ಲ ಕೀಲುಗಳೂ ಎಳೆದಾಟವಿಲ್ಲದೆ ಕೂರುತ್ತವೆ.

ಇಪ್ಪತ್ತು ನಿಮಿಷ ಒಂದೇ ಸುಳಿವಿನ ಮೇಲೆ ಕಳೆದಿದ್ದರೆ ಅರ್ಥದ ತುದಿ ಬದಲಿಸಿ. ಕೊನೆಯಲ್ಲಿದೆ ಎಂದುಕೊಂಡಿದ್ದು ಮೊದಲಲ್ಲಿದೆ ಎಂದು ಹಿಡಿದು, ಹೊಸ ಹಾಳೆಯ ಮೇಲೆ ಮತ್ತೆ ಕತ್ತರಿಸಿ. ಆಗಲೂ ಬಾರದಿದ್ದರೆ ಮರುದಿನದ ಉತ್ತರ ನೋಡಿ, ಆದರೆ ಉತ್ತರ ನೋಡಿ ಸುಮ್ಮನಾಗಬೇಡಿ. ಉತ್ತರದಿಂದ ಸುಳಿವಿಗೆ ಹಿಂದಕ್ಕೆ ನಡೆದು, ಯಾವ ಪ್ರತ್ಯಯ ನಿಮ್ಮ ಕಣ್ಣು ತಪ್ಪಿಸಿತು ಎಂದು ಗುರುತಿಸಿ, ಸುಳಿವು ಮತ್ತು ಕತ್ತರಿಸಿದ ರೂಪ ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಅದೇ ರಚನಕಾರರ ಮುಂದಿನ ವಾರದ ಬಂಧದಲ್ಲಿ ಅದೇ ಪ್ರತ್ಯಯ ಇನ್ನೊಂದು ಪದದ ಬೆನ್ನಿಗೆ ಅಂಟಿಕೊಂಡು ಬಂದಿರುತ್ತದೆ.